ಒಂದೇ ಲೈನಿನ ಕೆಲಸ

‘ಆಲ್ಟರ್ ಟೇಬಲ್’ ಅಂತ ಬರೆದು, ಟೇಬಲ್ಲಿನ ಹೆಸರು ಕೊಟ್ಟು, ಕೊನೆಗೆ ಎಂಜಿನ್ ಮೈಐಸ್ಯಾಮ್ ಅಂದರೆ ಮುಗೀತು. ಮೈಎಸ್‌ಕ್ಯೂಎಲ್‌ನಲ್ಲಿ ಇನ್ನೋಡಿಬಿಯಿಂದ ಹಳೇ ಮೈಐಸ್ಯಾಮ್‌ಗೆ ವಾಪಸ್ ಹೋಗೋದು ಇಷ್ಟು ಸಲೀಸು. ಸಲೀಸಾಗಿರೋದೇ ತೊಂದರೆ.

ಕೆಲವು ವರ್ಷಗಳ ಹಿಂದೆ ಇಂಥದ್ದೊಂದು ಕೆಲಸ ನನ್ನ ಪಾಲಿಗೆ ಬಂತು. ಕ್ಲೈಂಟ್ ಆನ್‌ಲೈನ್‌ನಲ್ಲಿ ಪುಸ್ತಕ ಮಾರುವವರು. ಸರ್ವರ್‌ನಲ್ಲಿದ್ದದ್ದು ಮೈಎಸ್‌ಕ್ಯೂಎಲ್ 5.5. ಅದರಲ್ಲಿ ಡೀಫಾಲ್ಟ್ ಇನ್ನೋಡಿಬಿ. ಆದರೆ ಫುಲ್‌ಟೆಕ್ಸ್ಟ್ ಸರ್ಚ್ ಬೇಕಂದ್ರೆ ಮೈಐಸ್ಯಾಮೇ ಗತಿ. ಗ್ರಾಹಕರು ಪುಸ್ತಕ ಹುಡುಕಿದರೆ, ಪುಟ ತೆರೆಯೋದ್ರೊಳಗೆ ಕಾಫಿ ಕುಡಿದು ಬರಬಹುದಿತ್ತು. ‘ಎಲ್ಲಾ ಟೇಬಲ್ಲೂ ಹಳೇ ಫಾರ್ಮ್ಯಾಟಿಗೆ ಹಾಕ್ಬಿಡಪ್ಪ, ಒಂದೇ ಲೈನ್ ಅಲ್ವಾ?’ ಅಂದರು ಮ್ಯಾನೇಜರ್.

ಮೈಐಸ್ಯಾಮ್ ಮೇಲೆ ನನಗೇನೂ ಸಿಟ್ಟಿಲ್ಲ. ಬಿಇ ಓದುವಾಗ ಕಲಿತಿದ್ದೇ ಅದರಲ್ಲಿ. ಒಂದು ಟೇಬಲ್‌ಗೆ ಮೂರು ಫೈಲು. ಸರ್ವರ್ ನಿಲ್ಲಿಸಿ ಪೆನ್‌ಡ್ರೈವಿಗೆ ಹಾಕ್ಕೊಂಡು ಹೋಗಬಹುದಿತ್ತು. ಎಷ್ಟು ಸಾಲಿದೆ ಅಂತ ಕೇಳಿದ ತಕ್ಷಣ ಹೇಳುತ್ತೆ. ಆದರೆ ಪಾಪ, ಅದಕ್ಕೆ ಟ್ರಾನ್ಸಾಕ್ಷನ್ ಗೊತ್ತಿಲ್ಲ.

ಟ್ರಾನ್ಸಾಕ್ಷನ್ ಅಂದರೇನು ಅಂತ ಪಾಠ ಮಾಡೋದಕ್ಕಿಂತ ನಮ್ಮೂರ ಹಾಲಿನ ಡೈರಿ ವಿಷಯ ಹೇಳ್ತೀನಿ. ಕ್ಯಾನಿಗೆ ಹಾಲು ಸುರಿದಾದ ಮೇಲೆ ಪಾಸ್‌ಬುಕ್ಕಿಗೆ ಬರೆಯೋದು ಬಿಟ್ಟುಹೋದರೆ, ಆ ಹೊತ್ತಿನ ಹಾಲೂ ಹೋಯ್ತು, ದುಡ್ಡೂ ಇಲ್ಲ. ಅದಕ್ಕೇ ಅವ್ವ ಬುಕ್ಕು ಕೈಗೆ ಬರೋವರೆಗೂ ಅಲ್ಲಿಂದ ಕದಲ್ತಿರಲಿಲ್ಲ. ಎರಡೂ ಆಗಬೇಕು, ಇಲ್ಲಾ ಎರಡೂ ಆಗಬಾರದು. ಇನ್ನೋಡಿಬಿ ಮಾಡೋದೂ ಅದನ್ನೇ.

ಟೆಸ್ಟ್ ಸರ್ವರ್‌ನಲ್ಲಿ ಒಂದು ಕಾಪಿ ಬದಲಾಯಿಸಿ ಮ್ಯಾನೇಜರ್‌ನ ಕರೆದೆ. ಆರ್ಡರ್ ಟೇಬಲ್ಲನ್ನು ಪುಸ್ತಕದ ಟೇಬಲ್ಲಿಗೆ ಕಟ್ಟಿದ್ದ ಫಾರಿನ್ ಕೀಯನ್ನು ಮೊದಲೇ ಕಿತ್ತುಹಾಕಬೇಕಾಗಿತ್ತು. ಒಂದು ಆರ್ಡರ್ ಸೇರಿಸಿ, ದುಡ್ಡು ಬಂದದ್ದು ದಾಖಲಾಗೋ ಮುಂಚೆ ರೋಲ್‌ಬ್ಯಾಕ್ ಕೊಟ್ಟೆ. ಆರ್ಡರ್ ಅಲ್ಲೇ ಕೂತಿತ್ತು! ಎರರ್ ಇಲ್ಲ, ಬರೀ ಒಂದು ವಾರ್ನಿಂಗ್. ಅದನ್ನ ಯಾರು ಓದ್ತಾರೆ?

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಸರ್ಚ್‌ಗೆ ಏನ್ಮಾಡೋದು?’ ಅಂದರು.

ಪುಸ್ತಕದ ಹೆಸರು, ಲೇಖಕರು, ವಿವರ, ಇಷ್ಟನ್ನೇ ಇನ್ನೊಂದು ಟೇಬಲ್ಲಿಗೆ ನಕಲು ಮಾಡಿ, ಅದೊಂದನ್ನು ಮಾತ್ರ ಮೈಐಸ್ಯಾಮ್‌ನಲ್ಲಿಟ್ವಿ. ಮೂಲ ಬದಲಾದಾಗ ನಕಲೂ ಬದಲಾಗಲಿ ಅಂತ ಟ್ರಿಗರ್ ಹಾಕಿದ್ವಿ. ನಕಲು ಹಾಳಾದರೆ ಮೂಲದಿಂದ ಮತ್ತೆ ಕಟ್ಟಬಹುದು. ಒಂದು ಗಂಟೆಯದ್ದು ಅಂದುಕೊಂಡ ಕೆಲಸ ಮೂರು ದಿನ ಆಯ್ತು; ಟೈಮ್‌ಶೀಟ್ ನೋಡಿ ಕ್ಲೈಂಟ್ ಗೊಣಗಿದ್ದೂ ಹೌದು. 2013ರಲ್ಲಿ ಬಂದ 5.6ರಲ್ಲಿ ಇನ್ನೋಡಿಬಿಗೂ ಫುಲ್‌ಟೆಕ್ಸ್ಟ್ ಸರ್ಚ್ ಸೇರಿತು. ಕ್ಲೈಂಟ್ ಆ ಆವೃತ್ತಿಗೆ ಹೋದ ಮೇಲೆ ನಕಲು ಟೇಬಲ್ಲನ್ನೂ ಟ್ರಿಗರುಗಳನ್ನೂ ತೆಗೆದುಹಾಕಿದ್ವಿ.