ಬೆಂಕಿಗೆ ಕಾವಲು

ಬಾಲ್ಯದಲ್ಲಿ ಅಮರಕೋಶವನ್ನು ಉರುಹೊಡೆದವರಿಗೆ ಅಗ್ನಿಯ ಹೆಸರುಗಳ ಸಾಲು ಮರೆಯತಕ್ಕದ್ದಲ್ಲ. ಆ ಸಾಲಿನಲ್ಲಿ ಎರಡು ಹೆಸರುಗಳ ಬಳಿ ನಮ್ಮ ಮನಸ್ಸು ಮತ್ತೆ ಮತ್ತೆ ನಿಲ್ಲುವುದುಂಟು. ಒಂದು 'ಆಶ್ರಯಾಶ', ಎಂದರೆ ತನಗೆ ಆಶ್ರಯ ಕೊಟ್ಟುದನ್ನೇ ತಿನ್ನತಕ್ಕವನು. ಮತ್ತೊಂದು 'ವಾಯುಸಖ', ಗಾಳಿಯ ಗೆಳೆಯನು. ಬಹುಕಾಲ ಹುಡುಗರಿಗೆ ಈ ಪದಗಳ ಅರ್ಥವನ್ನು ಹೇಳಿಕೊಟ್ಟ ನಮಗೆ, ಈ ಅರ್ಥವನ್ನೇ ಹಿಡಿದು ಹೊಟ್ಟೆ ಹೊರೆಯುವ ಒಂದು ವೃತ್ತಿಯುಂಟೆಂಬುದನ್ನು ವಿವರಿಸಿದವನು ನಮ್ಮ ಹಳೆಯ ಶಿಷ್ಯನೊಬ್ಬನು. ಅವನು ವಾಯುಸೇನೆಯ ನೆಲೆಯೊಂದರಲ್ಲಿ ಅಗ್ನಿಶಾಮಕ ದಳದವನು. ಕಳೆದ ಬೇಸಗೆಯಲ್ಲಿ ರಜೆಯ ಮೇಲೆ ಬಂದಿದ್ದಾಗ ದೊಡ್ಡಗದ್ದವಳ್ಳಿಯ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ಎರಡು ಸಂಜೆ ಮಾತನಾಡಿದನು.

"ಬೆಂಕಿಯೆಂಬುದು ಮೂರು ಕಾಲಿನ ಪೀಠ, ಮೇಷ್ಟ್ರೇ. ಉರಿಯುವ ಪದಾರ್ಥ ಒಂದು ಕಾಲು, ಗಾಳಿ ಒಂದು, ಕಾವು ಇನ್ನೊಂದು. ಯಾವುದಾದರೂ ಒಂದನ್ನು ತೆಗೆದರೆ ಪೀಠ ಬೀಳುತ್ತದೆ" ಎಂದನು. ನೀರು ಕಾವನ್ನು ತೆಗೆಯುವುದು. ಆದರೆ ವಿಮಾನದ ಎಣ್ಣೆ ಹೊತ್ತಿಕೊಂಡಾಗ ಬರಿಯ ನೀರನ್ನು ಸುರಿದರೆ, ನೀರು ಕೆಳಕ್ಕಿಳಿದು ಎಣ್ಣೆ ಮೇಲೆ ತೇಲಿ ಉರಿಯುತ್ತಲೇ ಹರಡುವುದು. ಆದುದರಿಂದ ಅಲ್ಲಿ ನೊರೆಯನ್ನು ಹಾಯಿಸುವರು. ನೊರೆಯು ಎಣ್ಣೆಯ ಮೇಲೆ ಕಂಬಳಿಯಂತೆ ಹಾಸಿಕೊಂಡು ವಾಯುಸಖನನ್ನು ಅವನ ಸಖನಿಂದ ಅಗಲಿಸುವುದು.

ಇಷ್ಟನ್ನು ಅರಿಯಲು ಒಂದು ದಿನ ಸಾಕು. ಕೈಗೆ ಕಲಿಸಲು ತಿಂಗಳುಗಳು ಬೇಕು. ಸುರುಳಿ ಸುತ್ತಿದ ನೀರಿನ ಕೊಳವೆಯನ್ನು ಒಂದೇ ಎಸೆತಕ್ಕೆ ಬಿಚ್ಚುವುದು, ಅದರ ಮೂತಿಯನ್ನು ಮತ್ತೊಂದಕ್ಕೆ ಜೋಡಿಸುವುದು, ಏಣಿ ನಿಲ್ಲಿಸುವುದು, ಗಂಟು ಹಾಕುವುದು, ಮೈಮರೆತವನನ್ನು ಹೆಗಲಮೇಲೆ ಹೊತ್ತು ಓಡುವುದು, ಇವೆಲ್ಲವನ್ನೂ ಕಣ್ಣು ಮುಚ್ಚಿದರೂ ತಪ್ಪದಷ್ಟು ಸಲ ಮಾಡಿಸುವರು. ಅನಂತರ ಉಸಿರಿನ ಸಿಲಿಂಡರನ್ನು ಬೆನ್ನಿಗೆ ಕಟ್ಟಿ, ಹೊಗೆ ತುಂಬಿದ ಕತ್ತಲೆಯ ಕೋಣೆಗೆ ಬಿಡುವರು. ಅಲ್ಲಿ ಕಣ್ಣಿಗೆ ಕೆಲಸವಿಲ್ಲ. ನೆಲಕ್ಕೆ ಮೈಯೊಡ್ಡಿ ತೆವಳಬೇಕು. ದಾರಿ ತಪ್ಪಿದರೆ ಕೊಳವೆಯನ್ನು ತಡವಿ ಹಿಡಿದು ಅದು ಬಂದ ಜಾಡಿನಲ್ಲಿಯೇ ಹೊರಬೀಳಬೇಕು. ಯುದ್ಧವಿಮಾನದಿಂದ ಚಾಲಕನನ್ನು ಎತ್ತುವುದು ಇನ್ನೂ ಸೂಕ್ಷ್ಮವಾದ ಕೆಲಸ. ಅವನು ಕುಳಿತಿರುವ ಆಸನವು ಅಪಾಯಕಾಲದಲ್ಲಿ ಅವನನ್ನು ಹೊರಕ್ಕೆ ಚಿಮ್ಮಿಸುವ ಮದ್ದುಳ್ಳದ್ದು. ಅದನ್ನು ಮೊದಲು ನಿರಪಾಯಗೊಳಿಸದೆ ಕೈಯಿಕ್ಕಿದರೆ ರಕ್ಷಿಸಹೋದವರಿಗೂ ಕೇಡು.

ಕಾಲದ ಲೆಕ್ಕವೂ ಕಟುವಾದದ್ದು. ನಾಗರಿಕ ವಿಮಾನ ನಿಲ್ದಾಣಗಳ ವಿಷಯದಲ್ಲಿ, ಓಡುದಾರಿಯ ಯಾವ ತುದಿಗೇ ಆಗಲಿ ಮೂರು ನಿಮಿಷದೊಳಗೆ ಮೊದಲ ವಾಹನ ತಲುಪಿ ನೊರೆ ಹಾಯಿಸತೊಡಗಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಸೇನೆಯ ನೆಲೆಯಲ್ಲಿಯೂ ವಿಮಾನಗಳು ಹಾರುತ್ತಿರುವಷ್ಟು ಹೊತ್ತು ಇವರ ವಾಹನ ಓಡುದಾರಿಯ ಮಗ್ಗುಲಲ್ಲಿ ಸಿದ್ಧವಾಗಿ ನಿಂತಿರುವುದು.

"ಹಾಗಾದರೆ ಏನೂ ಆಗದ ದಿನ ಏನು ಮಾಡುತ್ತೀಯಪ್ಪ?" ಎಂದು ಕೇಳಿದೆವು. ನಕ್ಕು, "ಏನೂ ಆಗದ ದಿನವೇ ಹೆಚ್ಚು, ಮೇಷ್ಟ್ರೇ. ಆ ದಿನಗಳಲ್ಲಿಯೇ ನಮ್ಮ ಕೆಲಸವೆಲ್ಲ" ಎಂದನು. ಬೆಳಗಾಗುತ್ತಲೆ ಹಾಜರಿ, ವಾಹನದ ತಪಾಸಣೆ, ಕವಾಯತು. ಸಂಜೆ ವಾಲಿಬಾಲ್ ಆಟ. ಒಂದೇ ತಂಡದಲ್ಲಿ ಪಂಜಾಬಿನವನು, ಬಂಗಾಳದವನು, ಕೇರಳದವನು. ಊಟಕ್ಕೆ ಒಂದೇ ಪಂಕ್ತಿ. ಮುದ್ದೆ ಉಂಡು ಬೆಳೆದ ನಮ್ಮ ಹುಡುಗ ರೊಟ್ಟಿಗೆ ಹೊಂದಿಕೊಂಡನು. ಅವರೂ ಇವನ ಮನೆಯ ಹುಳಿಗೆ ಹೊಂದಿಕೊಂಡರಂತೆ. ಒಬ್ಬನು ರಾತ್ರಿಪಾಳಿಗೆ ಹೋದರೆ ಅವನ ಮನೆಯ ಮಗುವಿನ ಜ್ವರವನ್ನು ಪಕ್ಕದ ಮನೆಯವರು ನೋಡಿಕೊಳ್ಳುವರು. ಗಂಟೆ ಬಾರಿಸಿದಾಗ ಹೆಂಗಸರು ಮಾತು ನಿಲ್ಲಿಸಿ ಒಬ್ಬರ ಮುಖವನ್ನೊಬ್ಬರು ನೋಡುವರಂತೆ.

ಈ ಒಡನಾಟವು ಬರಿಯ ಸೌಜನ್ಯಕ್ಕಾಗಿ ಇರುವುದಲ್ಲ. ಹೊಗೆಯೊಳಕ್ಕೆ ಯಾರೂ ಒಬ್ಬಂಟಿಯಾಗಿ ಹೋಗಕೂಡದು, ಜೋಡಿಯಾಗಿಯೇ ಹೋಗಬೇಕು. ಹೊರಗೆ ನಿಂತವನೊಬ್ಬನು ಒಳಗಿನವರ ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿರಬಹುದೆಂದು ಗಡಿಯಾರ ಹಿಡಿದು ಲೆಕ್ಕವಿಡುವನು. ತನ್ನ ಉಸಿರಿನ ಲೆಕ್ಕವನ್ನು ಮತ್ತೊಬ್ಬನ ಕೈಯಲ್ಲಿಟ್ಟು ಒಳಹೋಗಬೇಕಾದರೆ ಆ ಮತ್ತೊಬ್ಬನನ್ನು ಎಷ್ಟು ಬಲ್ಲವನಾಗಿರಬೇಕು! ಇಂತಹ ನಂಬಿಕೆ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಅಂಗಳದಲ್ಲಿ ಆಡಿ ಬಂದುದು. ಅಪಾಯದ ದಿನ ಅದನ್ನು ಹೊಸದಾಗಿ ಸಂಪಾದಿಸಲು ಸಮಯವಿರುವುದಿಲ್ಲ.

2019ನೆಯ ಇಸವಿಯಲ್ಲಿ ನಮ್ಮ ನಾಡು ಈ ವಿದ್ಯೆಯ ಬೆಲೆಯನ್ನು ಮೂರು ಸಲ ಕಂಡಿತು. ಫೆಬ್ರವರಿ 23ರಂದು ಯಲಹಂಕದ ವಾಯುನೆಲೆಯಲ್ಲಿ ವಿಮಾನ ಪ್ರದರ್ಶನ ನಡೆಯುತ್ತಿದ್ದಾಗ, ಒಣಹುಲ್ಲಿನ ಬಯಲಿನಲ್ಲಿ ನಿಲ್ಲಿಸಿದ್ದ ಕಾರುಗಳಿಗೆ ಬೆಂಕಿ ತಗಲಿ, ಬಿರುಗಾಳಿಗೆ ಸುಮಾರು 300 ಕಾರುಗಳು ಸುಟ್ಟುಹೋದುವು. ಪಕ್ಕದ ಕಾರುಗಳನ್ನು ಎಳೆದು ನಡುವೆ ಬರಿನೆಲ ಮಾಡಿ ಬೆಂಕಿಯನ್ನು ತಡೆದರು; ಆಶ್ರಯಾಶನಿಗೆ ಆಶ್ರಯವನ್ನೇ ಇಲ್ಲವಾಗಿಸಿದರು. ಪ್ರಾಣಹಾನಿಯಾಗಲಿಲ್ಲ. ಅದೇ ಸಮಯದಲ್ಲಿ ಬಂಡೀಪುರದ ಕಾಡು ಉರಿಯುತ್ತಿರಲು, ವಾಯುಸೇನೆಯ ಹೆಲಿಕಾಪ್ಟರುಗಳು ದೊಡ್ಡ ಚೀಲಗಳಲ್ಲಿ ನೀರನ್ನು ತೂಗಿ ತಂದು ಸುರಿದುವು. ಏಪ್ರಿಲ್ 26ರಂದು ಕಾರವಾರದ ಬಂದರನ್ನು ಪ್ರವೇಶಿಸಲಿದ್ದ ವಿಕ್ರಮಾದಿತ್ಯ ಎಂಬ ವಿಮಾನವಾಹಕ ನೌಕೆಯೊಳಗೆ ಬೆಂಕಿ ಹೊತ್ತಿತು. ಅದನ್ನು ಆರಿಸಲು ಮುಂದಾಳಾಗಿ ನಿಂತ ಲೆಫ್ಟಿನೆಂಟ್ ಕಮಾಂಡರ್ ಡಿ. ಎಸ್. ಚೌಹಾಣರು ಹೊಗೆಗೆ ಸಿಕ್ಕಿ ಎಚ್ಚರ ತಪ್ಪಿ ಪ್ರಾಣವನ್ನೊಪ್ಪಿಸಿದರು, ನೌಕೆ ಉಳಿಯಿತು. ಇದಕ್ಕೆ ಬಹಳ ಹಿಂದೆ, 1944ರ ಏಪ್ರಿಲ್ 14ರಂದು, ಮುಂಬಯಿಯ ಬಂದರಿನಲ್ಲಿ ಹತ್ತಿಯನ್ನೂ ಮದ್ದುಗುಂಡುಗಳನ್ನೂ ಒಟ್ಟಿಗೆ ಹೊತ್ತಿದ್ದ ಹಡಗು ಸಿಡಿದಾಗ 66 ಮಂದಿ ಅಗ್ನಿಶಾಮಕರು ಮಡಿದಿದ್ದರು. ಅವರ ನೆನಪಿಗಾಗಿಯೇ ಪ್ರತಿವರ್ಷವೂ ಆ ದಿನವನ್ನು ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುವರು.

ವಾಚಕರು, ಇದರಿಂದ ಗೃಹಸ್ಥರಾದ ನಮಗೇನು ಎಂದು ಕೇಳಬಹುದು. ನಮ್ಮೂರಿನಲ್ಲಿ ವಿಷ್ಣುವರ್ಧನನ ಕಾಲದಲ್ಲಿ, 1114ರ ಸುಮಾರಿಗೆ, ಕುಲ್ಲಹಣ ರಾಹುತನೂ ಅವನ ಪತ್ನಿ ಸಹಜಾದೇವಿಯೂ ಕಟ್ಟಿಸಿದ ಲಕ್ಷ್ಮೀದೇವಿಯ ಗುಡಿಯಿದೆ. ಅದು ಕಲ್ಲಿನದು; ಬೆಂಕಿಗೆ ಹೆದರಬೇಕಾಗಿಲ್ಲ. ನಮ್ಮ ಮನೆಗಳೂ ಹಿತ್ತಿಲ ಹುಲ್ಲಿನ ಮೆದೆಗಳೂ ಹಾಗಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಊರೊಂದರಲ್ಲಿ ಮೆದೆಗೆ ಬೆಂಕಿ ಬಿದ್ದುದನ್ನು ನಾವು ಕಂಡೆವು. ಜನರಿಗೆ ಧೈರ್ಯ ಕಡಮೆಯಿರಲಿಲ್ಲ. ಎಲ್ಲರೂ ಕೊಡ ಹಿಡಿದು ಓಡಿದರು. ಬರುವವರಿಗೆ ಹೋಗುವವರು ಡಿಕ್ಕಿ ಹೊಡೆದು ಅರ್ಧ ನೀರು ದಾರಿಯಲ್ಲಿಯೇ ಚೆಲ್ಲಿತು. ಮೆದೆಯ ಪಕ್ಕದ ಕೊಟ್ಟಿಗೆಯಲ್ಲಿ ದನಗಳು ಕಟ್ಟಿದಂತೆಯೇ ಇದ್ದುವು. ಮುದುಕಿಯೊಬ್ಬಳು ಕುಡುಗೋಲಿನಿಂದ ಹಗ್ಗಗಳನ್ನು ಕೊಯ್ದು ಅವುಗಳನ್ನು ಹೊರಕ್ಕಟ್ಟಿದಳು. ಹಾಸನದಿಂದ ವಾಹನ ಬರುವಷ್ಟರಲ್ಲಿ ಮೆದೆ ಬೂದಿಯಾಗಿತ್ತು, ಕೊಟ್ಟಿಗೆಯೂ ಹೋಯಿತು.

ಈ ಕಥೆಯನ್ನು ಶಿಷ್ಯನಿಗೆ ಹೇಳಲಾಗಿ, "ಅಜ್ಜಿ ಮಾಡಿದ್ದೇ ಸರಿ, ಮೇಷ್ಟ್ರೇ. ಮೊದಲು ಜೀವ, ಆಮೇಲೆ ಬೆಂಕಿ. ನಮಗೂ ಅದೇ ಪಾಠ" ಎಂದನು. ಮರುದಿನ ಸಂಜೆ ಕೆರೆಯ ಏರಿಯ ಮೇಲೆ ಊರ ಹುಡುಗರನ್ನು ಎರಡು ಸಾಲಾಗಿ ನಿಲ್ಲಿಸಿ, ತುಂಬಿದ ಕೊಡ ಒಂದು ಸಾಲಿನಲ್ಲಿ ಮೇಲಕ್ಕೂ ಬರಿಯ ಕೊಡ ಇನ್ನೊಂದರಲ್ಲಿ ಕೆಳಕ್ಕೂ ಕೈಯಿಂದ ಕೈಗೆ ಸಾಗುವುದನ್ನು ಕಲಿಸಿದನು. ಮೊದಲು ನಗೆಯಾಟವಾಗಿದ್ದುದು ಅರ್ಧ ಗಂಟೆಯೊಳಗೆ ಲಯಕ್ಕೆ ಬಂದಿತು. ಒಬ್ಬರೊಡನೊಬ್ಬರು ಮಾತು ಬಿಟ್ಟಿದ್ದ ಎರಡು ಮನೆಗಳ ಹುಡುಗರು ಆ ಸಾಲಿನಲ್ಲಿ ಅಕ್ಕಪಕ್ಕದಲ್ಲಿದ್ದರು. ಕೊಡ ಬಂದಾಗ ಹಿಡಿಯದೆ ವಿಧಿಯಿರಲಿಲ್ಲ.

ಗೃಹಿಣಿಯರಿಗಾಗಿ ಅವನು ಹೇಳಿದ ಮಾತುಗಳನ್ನು ಇಲ್ಲಿ ಬರೆಯುತ್ತೇವೆ. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಕೂಡದು. ಒಲೆಯನ್ನಾರಿಸಿ ಮುಚ್ಚಳ ಮುಚ್ಚಬೇಕು. ಉಟ್ಟ ಬಟ್ಟೆಗೆ ಬೆಂಕಿ ತಗಲಿದರೆ ಓಡಕೂಡದು. ನೆಲಕ್ಕೆ ಬಿದ್ದು ಉರುಳಬೇಕು, ಬಳಿಯಿದ್ದವರು ಕಂಬಳಿ ಹೊದಿಸಬೇಕು. ಅನಿಲದ ವಾಸನೆ ಬಂದರೆ ವಿದ್ಯುತ್ತಿನ ಗುಂಡಿಯನ್ನು ಮುಟ್ಟದೆ ಬಾಗಿಲು ಕಿಟಕಿಗಳನ್ನು ತೆರೆಯಬೇಕು. ದೂರವಾಣಿಯ ಸಂಖ್ಯೆ 101 ಅಥವಾ 112 ಮಕ್ಕಳಿಗೂ ಬಾಯಿಪಾಠವಾಗಿರಬೇಕು. ಮೆದೆಯನ್ನು ಮನೆಗೂ ವಿದ್ಯುತ್ತಂತಿಗೂ ದೂರವಾಗಿ ಒಟ್ಟಬೇಕು.

ಇವನ್ನು ಓದಿದರೆ ಸಾಲದು. ಮನೆಮಂದಿಯೆಲ್ಲ ಕೂಡಿ ಒಂದು ಬಿಡುವಿನ ದಿನ ಮಾಡಿ ನೋಡಬೇಕು. ನಮ್ಮೂರಿನ ಹುಡುಗರು ಬರುವ ಶಿವರಾತ್ರಿಗೆ ಮುಂಚೆ, ಹುಲ್ಲು ಒಣಗುವ ಕಾಲಕ್ಕೆ ಸರಿಯಾಗಿ, ಮತ್ತೊಮ್ಮೆ ಏರಿಯ ಮೇಲೆ ಸಾಲುಗಟ್ಟುವುದೆಂದು ಗೊತ್ತುಮಾಡಿದ್ದಾರೆ. ಕೊಡಗಳನ್ನು ಎಣಿಸಿಕೊಡುವ ಕೆಲಸ ನಮ್ಮ ಪಾಲಿಗೆ ಬಂದಿದೆ.