ಕರೆದರೆ ತಿರುಗದ ಮಗು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು, ವೈದ್ಯನಲ್ಲ. ಆದರೆ ಕೊಡಗಿನ ಚಿಕ್ಕ ಊರುಗಳಲ್ಲಿ ಮೇಷ್ಟರೆಂದರೆ ಅರ್ಜಿ ಬರೆಯುವುದರಿಂದ ಹಿಡಿದು ಮಗುವಿನ ಜ್ವರದವರೆಗೆ ಏನನ್ನಾದರೂ ಕೇಳಬಹುದಾದವನು. ಹಾಗೆ ಕೇಳಲು ಬಂದವರು ನನ್ನ ಹಳೆಯ ವಿದ್ಯಾರ್ಥಿ ಮತ್ತು ಅವನ ಹೆಂಡತಿ. ಅವರ ಮೂರು ವರ್ಷದ ಮಗನಿಗೆ ಆಟಿಸಂ, ಅಂದರೆ ಸ್ವಲೀನತೆ ಇದೆಯೆಂದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಿಳಿಸಿದ್ದರು. ಕಿವಿ ಚೆನ್ನಾಗಿಯೇ ಕೇಳಿಸುತ್ತದೆ ಎಂದೂ ಪರೀಕ್ಷಿಸಿ ಹೇಳಿದ್ದರು.

"ಹೆಸರು ಕರೆದರೆ ತಿರುಗುವುದಿಲ್ಲ ಸಾರ್. ಮಿಕ್ಸಿ ಹಾಕಿದರೆ ಮಾತ್ರ ಕಿವಿ ಮುಚ್ಚಿಕೊಂಡು ಅಳುತ್ತಾನೆ" ಎಂದಳು ತಾಯಿ. ಆಮೇಲೆ ಸಣ್ಣ ದನಿಯಲ್ಲಿ, "ನಾನು ಸರಿಯಾಗಿ ಎತ್ತಿ ಆಡಿಸಲಿಲ್ಲವಂತೆ, ಅದಕ್ಕೇ ಹೀಗಂತೆ" ಎಂದಳು.

ಈ 'ಅಂತೆ'ಗೆ ಮೊದಲು ಉತ್ತರ ಹೇಳಬೇಕಾಯಿತು. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಇಂಥ 11 ಮಕ್ಕಳ ಬಗ್ಗೆ ಬರೆದರು. ಮುಂದೆ, ತಾಯಿಯ ಪ್ರೀತಿ ಸಾಲದ್ದೇ ಇದಕ್ಕೆ ಕಾರಣವೆಂಬ ವಾದ ಹಬ್ಬಿ ಎಷ್ಟೋ ಹೆಂಗಸರನ್ನು ನೋಯಿಸಿತು. ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರ ಮಗನಿಗೂ ಆಟಿಸಂ ಇತ್ತು. ಅವರು 1964ರಲ್ಲಿ ಪುಸ್ತಕ ಬರೆದು ಆ ವಾದದ ಬುಡವನ್ನೇ ಅಲುಗಾಡಿಸಿದರು. ಇದು ಮಿದುಳಿನ ಬೆಳವಣಿಗೆಯಲ್ಲಿನ ವ್ಯತ್ಯಾಸ. ವಂಶವಾಹಿಗಳ ಪಾತ್ರ ಇದರಲ್ಲಿ ದೊಡ್ಡದು. ವಿಜ್ಞಾನ ಎಂದೋ ಕೈಬಿಟ್ಟ ಮಾತು ನಮ್ಮ ಅಡುಗೆಮನೆಗಳಲ್ಲಿ ಮಾತ್ರ ಇನ್ನೂ ಓಡಾಡುತ್ತಿದೆ.

ಆ ಹುಡುಗನಿಗೆ ಇಷ್ಟವಾದದ್ದು ಒಂದೇ. ಕಣದಲ್ಲಿ ಒಣಗಲು ಹರವಿದ ಕಾಫಿಯನ್ನು ಬೊಗಸೆಯಲ್ಲಿ ತುಂಬಿ ಸುರಿಯುವುದು. ಅಪ್ಪ ಅವನನ್ನು ಎತ್ತಿ ತಂದು, ಗಲ್ಲ ಹಿಡಿದು "ಇಲ್ಲಿ ನೋಡು" ಎನ್ನುತ್ತಿದ್ದ. ಮಗು ಕೊಸರಿಕೊಂಡು ಮತ್ತೆ ಕಣಕ್ಕೇ ಓಡುತ್ತಿತ್ತು. ಮೈಸೂರಿನಲ್ಲಿ ಹೇಳಿಕೊಟ್ಟದ್ದು ಇದಕ್ಕೆ ತದ್ವಿರುದ್ಧ. ನೀವೇ ಅವನ ಎದುರು ನೆಲದ ಮೇಲೆ ಕೂರಿ, ಅವನು ಮಾಡಿದ್ದನ್ನೇ ಮಾಡಿ, ಒಂದೇ ಒಂದು ಮಾತು ಆಡಿ, ಆಮೇಲೆ ಕಾಯಿರಿ. ಅಪ್ಪ ಸುರಿದ, "ಸುರಿ" ಎಂದ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿದ. ಎಷ್ಟೋ ದಿನ ಏನೂ ಆಗಲಿಲ್ಲ. ಒಂದು ಸಂಜೆ ಅಪ್ಪ ಸುರಿಯದೆ ಸುಮ್ಮನೆ ಕುಳಿತಾಗ, ಮಗು ಅವನ ಕೈ ಹಿಡಿದು ರಾಶಿಯತ್ತ ಎಳೆಯಿತು. ಬಾಯಿಂದ ಬರದಿದ್ದರೂ ಅದು ಮಾತೇ.

ನಾನು ಕೊಟ್ಟದ್ದು ಒಂದು ನೋಟ್‌ಬುಕ್ ಮಾತ್ರ. ಪ್ರಯೋಗಶಾಲೆಯ ದಾಖಲೆಯಂತೆ ಬರೆಯಿರಿ ಎಂದೆ. ಅಳು ಶುರುವಾಗುವ ಮುಂಚೆ ಏನಾಯಿತು? ಆಮೇಲೇನಾಯಿತು? ಎರಡು ವಾರದಲ್ಲಿ 'ಹಠ' ಎನ್ನುತ್ತಿದ್ದದ್ದರ ಬಹುಪಾಲು ಕುಕ್ಕರಿನ ಸೀಟಿ, ತಗಡಿನ ಮೇಲಿನ ಮಳೆ, ಹೇಳದೆ ಬದಲಾದ ದಾರಿ ಎಂದು ಗೊತ್ತಾಯಿತು. ಆ ವರ್ಷ ಹುತ್ತರಿಯಲ್ಲಿ ಗದ್ದೆಗೆ ಹೋಗಿ ಕದಿರು ತೆಗೆದು ಗುಂಡು ಹಾರಿಸುವ ಹೊತ್ತಿಗೆ ತಾಯಿ ಮಗುವಿನೊಂದಿಗೆ ಒಳಮನೆಯಲ್ಲೇ ಉಳಿದಳು. ಹಿರಿಯರು ಗೊಣಗಿದರು. ಗೊಣಗಲಿ ಬಿಡಿ!

ಇನ್ನೊಂದು ವಿಷಯ. ಮನೆಯಲ್ಲಿ ಕೊಡವ ತಕ್ಕ್, ಹೊರಗೆ ಕನ್ನಡ. ಇದರಿಂದಲೇ ಮಗು ಗೊಂದಲಗೊಂಡಿದೆ, ಇಂಗ್ಲಿಷ್ ಒಂದನ್ನೇ ಆಡಿ ಎಂದು ಯಾರೋ ಬುದ್ಧಿ ಹೇಳಿದ್ದರು. ಎರಡು ಭಾಷೆ ಕೇಳಿಸಿಕೊಳ್ಳುವುದರಿಂದ ಇಂಥ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಇಂಗ್ಲಿಷ್ ಬಾರದ ಅಜ್ಜಿಯನ್ನು ಬಾಯಿ ಮುಚ್ಚಿಸಿದರೆ ಮಗುವಿಗೇ ನಷ್ಟ.

ಶಾಲೆಯ ಬಗ್ಗೆಯೂ ಕೇಳುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ. 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ ಉಚಿತವಾಗಿ ಕಲಿಯುವ ಹಕ್ಕನ್ನು ಅದು ಕೊಡುತ್ತದೆ. ಇದನ್ನು ಓದುತ್ತಿರುವ ವಿದ್ಯಾರ್ಥಿಗಳೇ, ಅಂಥ ಗೆಳೆಯ ನಿಮ್ಮ ಬೆಂಚಿಗೆ ಬಂದರೆ ಅವನು ಮುಖ ನೋಡದಿದ್ದರೂ ಪರವಾಗಿಲ್ಲ, ಮಾತನಾಡಿಸಿ.

ಈಗ ಹುಡುಗನಿಗೆ ನಾಲ್ಕೂವರೆ. ಏಳೆಂಟು ಮಾತು ಆಡುತ್ತಾನೆ, ಅವುಗಳಲ್ಲಿ ಎರಡು ಅಜ್ಜಿಯವು. ಅಂಗನವಾಡಿಗೆ ಸೇರಿಸಿದ್ದಾರೆ, ಅಲ್ಲಿಯ ಟೀಚರ್ ಆ ನೋಟ್‌ಬುಕ್ಕನ್ನು ಓದಲು ಕೇಳಿ ತೆಗೆದುಕೊಂಡಿದ್ದಾರೆ.