ಜಿನೀವಾದ ಶಾಲೆಯಲ್ಲಿ ಮೊಮ್ಮಗಳು

ನಾವು ದಂಪತಿಗಳಿಬ್ಬರೂ ಧಾರವಾಡ ಸೀಮೆಯ ಪ್ರಾಥಮಿಕ ಶಾಲೆಗಳಲ್ಲಿ 30 ವರುಷಕ್ಕೂ ಮಿಕ್ಕಿ ಕನ್ನಡ ಕಲಿಸಿ ನಿವೃತ್ತರಾದವರು. ಕಳೆದ ವರುಷ ಮಗನ ಒತ್ತಾಯಕ್ಕೆ ಮಣಿದು ಸ್ವಿಟ್ಜರ್ಲೆಂಡಿನ ಜಿನೀವಾ ನಗರಕ್ಕೆ ಹೋಗಿ ಬಂದೆವು. ಅಲ್ಲಿಯ ಸರೋವರವನ್ನೂ ಹಿಮಶಿಖರಗಳನ್ನೂ ಹೋದವರೆಲ್ಲರೂ ವರ್ಣಿಸಿರುವುದರಿಂದ ಆ ಮಾತನ್ನು ಬಿಡುತ್ತೇವೆ. ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಮೊಮ್ಮಗಳ ಶಾಲೆ.

ಮಗ ವಿಶ್ವಸಂಸ್ಥೆಗೆ ಸೇರಿದ ಕಚೇರಿಯೊಂದರಲ್ಲಿ ನೌಕರ. ನೈರೋಬಿಯಲ್ಲಿ 4 ವರುಷ, ಬ್ಯಾಂಕಾಕಿನಲ್ಲಿ 5 ವರುಷ, ಈಗ ಜಿನೀವಾ. 15 ತುಂಬಿದ ಮೊಮ್ಮಗಳಿಗೆ ಇದು ಮೂರನೆಯ ಶಾಲೆ.

ಹೀಗೆ ದೇಶದಿಂದ ದೇಶಕ್ಕೆ ವರ್ಗವಾಗುವ ನೌಕರರ ಮಕ್ಕಳಿಗಾಗಿಯೇ ಅಂತರರಾಷ್ಟ್ರೀಯ ಶಾಲೆಗಳು ಹುಟ್ಟಿಕೊಂಡವು. ಮೊದಲನೆಯ ಮಹಾಯುದ್ಧದ ತರುವಾಯ ರಾಷ್ಟ್ರಸಂಘವೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ಜಿನೀವಾದಲ್ಲಿ ನೆಲೆಗೊಂಡವು. ಅಲ್ಲಿಗೆ ಬಂದ ನಾನಾ ದೇಶದ ಅಧಿಕಾರಿಗಳ ಮಕ್ಕಳಿಗಾಗಿ 1924ರಲ್ಲಿ ಒಂದು ಶಾಲೆ ತೆರೆಯಿತು. ಆರಂಭದಲ್ಲಿ ಇದ್ದ ಮಕ್ಕಳು ಕೇವಲ 8. ಕಮಲಾ ನೆಹರೂ ಅವರ ಚಿಕಿತ್ಸೆಗಾಗಿ ನೆಹರೂ ಕುಟುಂಬ 1926ರಲ್ಲಿ ಆ ಊರಿಗೆ ಬಂದಾಗ ಬಾಲಕಿ ಇಂದಿರಾ ಕೆಲಕಾಲ ಓದಿದ್ದೂ ಅಲ್ಲಿಯೇ. ಆದರೆ ಶಾಲೆ ಮುಗಿಸಿದ ಮಕ್ಕಳು ತಮ್ಮ ತಮ್ಮ ದೇಶದ ವಿಶ್ವವಿದ್ಯಾಲಯಗಳಿಗೆ ಸೇರಬೇಕಾದರೆ ಬೇರೆ ಬೇರೆ ಪರೀಕ್ಷೆಗೆ ಕೂಡಬೇಕಾಗುತ್ತಿತ್ತು. ಈ ತೊಡಕನ್ನು ಬಿಡಿಸಲು 1968ರಲ್ಲಿ ಅದೇ ಜಿನೀವಾದಲ್ಲಿ 'ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್' ಎಂಬ ಸಂಸ್ಥೆ ಸ್ಥಾಪನೆಯಾಯಿತು. ಐ.ಬಿ. ಎಂದರೆ ಅದೇ. ನಮ್ಮ ಬೆಂಗಳೂರಿನಲ್ಲಿಯೂ ಈಗ ಅದನ್ನು ಕಲಿಸುವ ಶಾಲೆಗಳುಂಟು.

ಮೊಮ್ಮಗಳು ಕಲಿಯುವುದು ಆ ಹಳೆಯ ಶಾಲೆಯಲ್ಲಲ್ಲ, ಅದೇ ಬಗೆಯ ಮತ್ತೊಂದರಲ್ಲಿ. ನಾವು ಹೋದ ದಿನ ಅಂಗಳದಲ್ಲಿ ಎಷ್ಟು ಬಣ್ಣದ ಮುಖಗಳು, ಎಷ್ಟು ಬಗೆಯ ಮಾತುಗಳು! ನಮ್ಮ ಕಡೆ ಹೊಸಬರನ್ನು ಕಂಡರೆ 'ಯಾವ ಊರು?' ಎನ್ನುತ್ತೇವೆ. ಆ ಮಕ್ಕಳು ಮೊದಲು ಕೇಳುವುದು, 'ಇಲ್ಲಿ ಇನ್ನೆಷ್ಟು ವರುಷ ಇರುತ್ತೀ?' ಎಂದು. ಪ್ರತಿ ಬೇಸಿಗೆಗೆ ಯಾರಾದರೂ ಗೆಳತಿಯರು ಹೊರಟುಹೋಗುತ್ತಾರಂತೆ. ಅದನ್ನು ಹೇಳುವಾಗ ಹುಡುಗಿಯ ದನಿಯಲ್ಲಿ ದುಃಖವೇನೂ ಇರಲಿಲ್ಲ. ಅದೇ ನಮಗೆ ಹೆಚ್ಚು ಸಂಕಟವನ್ನುಂಟುಮಾಡಿತು.

ಒಂದು ಸಂಜೆ ಅವಳು ಅರ್ಜಿಯೊಂದನ್ನು ಹಿಡಿದು ಬಂದಳು. ಐ.ಬಿ.ಯ ಕೊನೆಯ ಎರಡು ವರುಷಗಳಿಗೆ 6 ವಿಷಯಗಳನ್ನು ಆಯ್ದುಕೊಳ್ಳಬೇಕು. ಅವುಗಳಲ್ಲಿ ಮೊದಲನೆಯದು ತನಗೆ ಚೆನ್ನಾಗಿ ಬರುವ ಭಾಷೆಯ ಸಾಹಿತ್ಯ. ಆ ಭಾಷೆಗೆ ಶಾಲೆಯಲ್ಲಿ ಶಿಕ್ಷಕರಿಲ್ಲದಿದ್ದರೂ ಶಾಲೆಯ ನೆರವಿನಿಂದ ವಿದ್ಯಾರ್ಥಿಯು ತಾನೇ ಅಭ್ಯಾಸ ಮಾಡಬಹುದು. ಪಟ್ಟಿಯಲ್ಲಿಲ್ಲದ ಭಾಷೆಯಾದರೆ ಮುಂಚಿತವಾಗಿ ಕೇಳಿಕೊಳ್ಳಬೇಕು. "ಆಯಿ, ಕನ್ನಡ ಅಂತ ಬರೀಲೇನು?" ಎಂದಳು. ನಮಗಾದ ಹಿಗ್ಗನ್ನು ಹೇಗೆ ಹೇಳೋಣ!

ಮರುದಿನವೇ ಪಾಠ ಆರಂಭವಾಯಿತು. ಊರಿನಿಂದ ಒಯ್ದಿದ್ದ ವಚನಗಳ ಪುಸ್ತಕವನ್ನು ತೆರೆದು ಅವಳ ಮುಂದಿಟ್ಟೆವು. ಮೊದಲ ಸಾಲಿನಲ್ಲಿ ತಡವರಿಸಿದಳು. ಎರಡನೆಯ ಸಾಲಿನಿಂದ ಹೊಳೆ ಹರಿದಂತೆ ಓದಿದಳು. ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ಹೆಮ್ಮೆಪಟ್ಟೆವು. ಆಮೇಲೆ ನೋಡಿದರೆ ಅವಳ ಬೆರಳು ಇನ್ನೂ ಮೊದಲ ಸಾಲಿನಲ್ಲಿಯೇ ಇತ್ತು. ಅದು ಓದಲ್ಲ, ಸೊಸೆ ದಿನವೂ ಪೂಜೆಯ ಹೊತ್ತಿಗೆ ಹೇಳಿಸಿದ ಬಾಯಿಪಾಠ. ಮುಂದಿನ ಪುಟದ, ಅವಳು ಕೇಳಿರದ ವಚನದಲ್ಲಿ ಒತ್ತಕ್ಷರ ಬಂದಲ್ಲೆಲ್ಲ ನಿಂತಳು.

ನಮಗೆ ದೊರೆತ ವೀಸಾ 90 ದಿನಗಳದು. ಅಷ್ಟರಲ್ಲಿ ತಿದ್ದಿ ತೀಡಿಬಿಡುತ್ತೇವೆಂಬ ಹಟ ನಮಗೆ. ಮುಂಜಾನೆ ಕಾಗುಣಿತ, ಸಂಜೆ ಉಕ್ತಲೇಖನ. ಹುಡುಗಿ ಬಡವಾದಳು. ಅಂಕ ಕಡಿಮೆ ಬಂದರೆ ಕಾಲೇಜಿನ ಪ್ರವೇಶಕ್ಕೆ ತೊಂದರೆ ಎಂದು ಮಗ ಬೇಡವೆಂದ. ತಾಯಿನುಡಿಯನ್ನು ಮಗಳಿಗೆ ಓದಲು ಕಲಿಸದೆ ಬೆಳೆಸಿದೆಯಲ್ಲ ಎಂದು ನಾವು ಅವನ ಮೇಲೆ ಹರಿಹಾಯ್ದೆವು. ಅವನು ಬಹಳ ಹೊತ್ತು ಸುಮ್ಮನಿದ್ದು ಕೇಳಿದ: "ಊರ ಮಕ್ಕಳಿಗೆಲ್ಲ ಕನ್ನಡ ಕಲಿಸಿದ್ರಿ. ನನ್ನ ಯಾಕ ಇಂಗ್ಲಿಷ್ ಸಾಲಿಗೆ ಹಾಕಿದ್ರಿ?"

ನಮ್ಮಲ್ಲಿ ಉತ್ತರವಿರಲಿಲ್ಲ. ಸಾಲ ಮಾಡಿ ಅವನನ್ನು ಕಾನ್ವೆಂಟಿಗೆ ಕಳುಹಿಸಿದ್ದೆವು. ಅಲ್ಲಿಂದ ಅವನು ಬರೆದ ಇಂಗ್ಲಿಷ್ ಪತ್ರಗಳನ್ನು ನೆರೆಹೊರೆಯವರಿಗೆ ಓದಿ ತೋರಿಸಿದ್ದೆವು. ಅಂದು ರಾತ್ರಿ ನಮಗಿಬ್ಬರಿಗೂ ನಿದ್ರೆ ಹತ್ತಲಿಲ್ಲ.

ಅರ್ಜಿಯಲ್ಲಿ ಕೊನೆಗೆ ಇಂಗ್ಲಿಷ್ ಎಂದೇ ಬರೆಯಲಾಯಿತು. ಬರೆಯುವಂತೆ ಹೇಳಿದವರು ನಾವೇ. ಉಳಿದ ಮೂರು ವಾರ ಉಕ್ತಲೇಖನವೂ ಇಲ್ಲ, ಪರೀಕ್ಷೆಯ ಮಾತೂ ಇಲ್ಲ. ಆದರೂ ಹೊರಡುವ ಹಿಂದಿನ ದಿನ ಅವಳೇ ಹಲಗೆಯಂಥ ತನ್ನ ಯಂತ್ರವನ್ನು ಬದಿಗಿಟ್ಟು, ಕಾಗದ ತಂದು, ನಮ್ಮ ಮನೆಯ ವಿಳಾಸವನ್ನು ಕನ್ನಡದಲ್ಲಿ ಬರೆಸಿಕೊಂಡಳು.

ಈಗ ತಿಂಗಳಿಗೊಂದು ಪತ್ರ ಬರುತ್ತದೆ. ಕಳೆದ ಪತ್ರದಲ್ಲಿ 'ಅಜ್ಜ' ಎಂಬುದಕ್ಕೆ ಒತ್ತು ಇರಲಿಲ್ಲ, 'ಆಯಿ' ಮಾತ್ರ ಸರಿಯಾಗಿತ್ತು. ಕೆಂಪು ಮಸಿಯಲ್ಲಿ ತಿದ್ದಿಯೇ ಮರಳಿ ಕಳುಹಿಸಿದ್ದೇವೆ. ಮಾಸ್ತರಿಕೆಯ ಚಟ ಬಿಟ್ಟೀತೆ?